ಮನೆಯ ಅಲಾರ್ಮ್ ಸುಮ್ನೆ ಸುಮ್ನೆ ಕೂಗುತ್ತಿದ್ದರೆ ತಪ್ಪು ಹುಡುಕುವುದು ಹೇಗೆ

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ಗೆ ಉತ್ತರಕ್ಕಿರುವ ಒಂದು ಊರಿನಲ್ಲಿ. ಒಂದೇ ವರ್ಷದಲ್ಲಿ ನಮ್ಮ ಮನೆಗೆ ನಾಲ್ಕು ಸಲ ಪೊಲೀಸರು ಬಂದು ಹೋದರು. ನಾಲ್ಕು ಸಲವೂ ಕಳ್ಳ ಇರಲಿಲ್ಲ. ಮೊದಲ ಸಲ ಅಮ್ಮ ಬೆಳಿಗ್ಗೆ ಹೂವು ಕೀಳಲು ಹಿಂಬಾಗಿಲು ತೆಗೆದಿದ್ದರು. ಎರಡನೇ ಸಲ ಮಗಳ ಹುಟ್ಟುಹಬ್ಬದ ಬಲೂನು. ಮೂರನೆಯದೂ ನಾಲ್ಕನೆಯದೂ ಒಂದೇ ಬಾಗಿಲು, ಒಂದೇ ತಪ್ಪು. ಮೂರನೇ ಸಲವೇ ಕೂತು ಕಾರಣ ಹುಡುಕಿದ್ದರೆ ನಾಲ್ಕನೆಯದು ಆಗುತ್ತಿರಲಿಲ್ಲ. ಅದು ಆದಾಗ ನಾವು ಮೈಸೂರಿನಲ್ಲಿದ್ದೆವು. ವಾಪಸ್ ಬಂದು ಅಂಚೆ ಪೆಟ್ಟಿಗೆ ತೆಗೆದರೆ ದಂಡದ ಪತ್ರ ಒಂದು, ಅಲಾರ್ಮ್ ಪರ್ಮಿಟ್ ಅವಧಿ ಮುಗಿದಿದೆ ಎಂಬ ಪತ್ರ ಇನ್ನೊಂದು.

ಆಮೇಲೆ ಕೀಪ್ಯಾಡ್ ಮುಂದೆ ಕೂತು ಒಂದೊಂದನ್ನೇ ಹಿಂದಕ್ಕೆ ಹುಡುಕುತ್ತಾ ಹೋದೆ. ಆ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಹೊಸದಾಗಿ ಮನೆ ಕೊಂಡವರಿಗೆ, ಊರಿಂದ ಅಪ್ಪ ಅಮ್ಮ ಬಂದು ಇರುವ ಮನೆಗಳಿಗೆ ಇದು ಬೇಕಾಗುತ್ತದೆ.

ಪರ್ಮಿಟ್ ಯಾಕೆ ಕೇಳುತ್ತಾರೆ

ಅಮೆರಿಕದ ಬಹಳಷ್ಟು ಊರುಗಳಲ್ಲಿ ಮನೆಗೆ ಅಲಾರ್ಮ್ ಹಾಕಿಸಿದರೆ ಊರಿನ ಆಡಳಿತದಿಂದ ಪರ್ಮಿಟ್ ತೆಗೆದುಕೊಳ್ಳಬೇಕು. ನಮ್ಮವರಲ್ಲಿ ಅನೇಕರು ಇದು ಇನ್ನೊಂದು ತೆರಿಗೆ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಂಕಿಗಳನ್ನು ನೋಡಿದರೆ ಬೇರೆಯೇ ಕಾಣುತ್ತದೆ. 2002ರಲ್ಲಿ ಅಮೆರಿಕದ ಪೊಲೀಸರು ಸುಮಾರು 3.6 ಕೋಟಿ ಅಲಾರ್ಮ್‌ಗಳಿಗೆ ಓಡಿದ್ದರು. ಅದರ ಖರ್ಚು ಸುಮಾರು 180 ಕೋಟಿ ಡಾಲರ್ ಎಂಬ ಅಂದಾಜಿದೆ. ಅಲಾರ್ಮ್‌ಗಳಲ್ಲಿ ನೂರಕ್ಕೆ 94ಕ್ಕಿಂತ ಜಾಸ್ತಿ ಸುಳ್ಳು. ಒಂದು ಕರೆಗೆ ಸಾಮಾನ್ಯವಾಗಿ ಇಬ್ಬರು ಪೊಲೀಸರು ಬರುತ್ತಾರೆ. ಅವರು ನಮ್ಮ ಮನೆಯ ಸುತ್ತ ಟಾರ್ಚ್ ಹಾಕಿ ನೋಡುತ್ತಿರುವಾಗ ಇನ್ನೊಂದು ಮನೆಯಲ್ಲಿ ನಿಜವಾಗಿ ಕಷ್ಟದಲ್ಲಿರುವವರು ಕಾಯುತ್ತಿರುತ್ತಾರೆ. ನನಗೆ ದಂಡಕ್ಕಿಂತ ಜಾಸ್ತಿ ಚುಚ್ಚಿದ್ದು ಇದು.

ಕೆಲವು ಊರುಗಳು ಸಾಕಾಗಿ ಬಾಗಿಲು ಹಾಕಿಬಿಟ್ಟಿವೆ. ಸಾಲ್ಟ್ ಲೇಕ್ ಸಿಟಿ 2000ದಲ್ಲೇ ಯಾರಾದರೂ ಕಣ್ಣಾರೆ ನೋಡಿ ಖಚಿತಪಡಿಸದ ಹೊರತು ಪೊಲೀಸರು ಬರುವುದಿಲ್ಲ ಎಂದು ನಿಯಮ ಮಾಡಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 2005ರಿಂದ ಅದೇ ದಾರಿ. ಸಿಯಾಟಲ್‌ನಲ್ಲಿ 2024ರ ಅಕ್ಟೋಬರ್ 1ರಿಂದ ವಿಡಿಯೋ, ಧ್ವನಿ, ಪ್ಯಾನಿಕ್ ಬಟನ್ ಅಥವಾ ಕಣ್ಣಾರೆ ಕಂಡ ಸಾಕ್ಷಿ, ಇವುಗಳಲ್ಲಿ ಒಂದು ಇರಲೇಬೇಕು. ಅದಕ್ಕೆ ಹಿಂದಿನ ವರ್ಷ ಅಲ್ಲಿನ ಪೊಲೀಸರಿಗೆ ಸುಮಾರು 13,000 ಅಲಾರ್ಮ್ ಕರೆ ಬಂದಿದ್ದವು. ಅಪರಾಧ ನಡೆದದ್ದು ಖಚಿತವಾದದ್ದು ನೂರಕ್ಕೆ 4ಕ್ಕಿಂತ ಕಮ್ಮಿ. ಫ್ರೀಮಾಂಟ್‌ನಲ್ಲೂ ಸಿಯಾಟಲ್‌ನಲ್ಲೂ ಕನ್ನಡದವರು ತುಂಬಾ ಇದ್ದಾರೆ. ನಿಮ್ಮ ಊರಿನ ನಿಯಮ ಏನು ಎಂದು ಇವತ್ತೇ ನೋಡಿಕೊಳ್ಳಿ.

ಟೆಕ್ಸಾಸ್‌ನಲ್ಲಿ ರಾಜ್ಯದ ಕಾನೂನು ಊರುಗಳಿಗೆ ಒಂದು ಮಿತಿ ಹಾಕಿದೆ. ಮನೆಯ ಪರ್ಮಿಟ್‌ಗೆ ವರ್ಷಕ್ಕೆ 50 ಡಾಲರ್‌ಗಿಂತ ಜಾಸ್ತಿ ಕೇಳುವಂತಿಲ್ಲ. ಹಿಂದಿನ 12 ತಿಂಗಳಲ್ಲಿ ಮೂರು ಸುಳ್ಳು ಅಲಾರ್ಮ್ ಆಗುವವರೆಗೆ ದಂಡ ಇಲ್ಲ. ಆಮೇಲೆ ಒಂದೊಂದಕ್ಕೆ 50, ಇನ್ನೂ ಜಾಸ್ತಿಯಾದರೆ 75, ಎಂಟು ದಾಟಿದರೆ 100 ಡಾಲರ್‌ವರೆಗೆ ಹಾಕಬಹುದು. ಪರ್ಮಿಟ್ ಇಲ್ಲದೆ ಅಲಾರ್ಮ್ ಇಟ್ಟುಕೊಂಡರೆ ಅದು ಬೇರೆಯೇ ತಪ್ಪು.

ಏನೇ ಮುಟ್ಟುವ ಮೊದಲು

ಮಾನಿಟರಿಂಗ್ ಸೆಂಟರ್‌ಗೆ, ಅಂದರೆ ಅಲಾರ್ಮ್ ಆದಾಗ ಸುದ್ದಿ ಪಡೆದು ಪೊಲೀಸರಿಗೆ ತಿಳಿಸುವವರಿಗೆ, ಫೋನ್ ಮಾಡಿ. ‘ನನ್ನ ಸಿಸ್ಟಮ್ ಅನ್ನು ಎರಡು ಗಂಟೆ ಟೆಸ್ಟ್‌ನಲ್ಲಿ ಇಡಿ’ ಎಂದು ಹೇಳಿ. ಆಗ ಸೈರನ್ ಕೂಗಿದರೂ ಪೊಲೀಸರಿಗೆ ಕರೆ ಹೋಗುವುದಿಲ್ಲ. ಆ್ಯಪ್‌ನಲ್ಲೂ ಟೆಸ್ಟ್ ಮೋಡ್ ಇರುತ್ತದೆ. ಆದರೆ ಎಷ್ಟು ಹೊತ್ತಿಗೆ ಅದು ತಾನಾಗಿ ಮುಗಿಯುತ್ತದೆ ಎಂದು ನೋಡಿಕೊಳ್ಳಿ. ಸಮಯ ಮುಗಿದದ್ದು ಗೊತ್ತಾಗದೆ ಸೆನ್ಸರ್ ಪರೀಕ್ಷೆ ಮಾಡಲು ಹೋಗಿ, ಅದೇ ಒಂದು ಸುಳ್ಳು ಅಲಾರ್ಮ್ ಆಗಬಾರದು ಅಲ್ವಾ?

ಹೊಗೆ ಸೆನ್ಸರ್ ಕೂಡ ಅದೇ ಪ್ಯಾನೆಲ್‌ಗೆ, ಅಂದರೆ ಎಲ್ಲ ಸೆನ್ಸರ್‌ಗಳೂ ಬಂದು ಸೇರುವ ಮುಖ್ಯ ಪೆಟ್ಟಿಗೆಗೆ, ಸೇರಿದ್ದರೆ ಅದನ್ನೂ ಹೇಳಿ. ಅದರ ಕರೆ ಅಗ್ನಿಶಾಮಕ ದಳಕ್ಕೆ ಹೋಗುತ್ತದೆ.

ಮೊದಲು ಲಾಗ್ ಓದಿ

ಅಲಾರ್ಮ್ ಆದ ಕೂಡಲೇ ನಾವೆಲ್ಲ ಮಾಡುವುದು ಒಂದೇ. ಕೋಡ್ ಒತ್ತಿ ಸೈರನ್ ನಿಲ್ಲಿಸುತ್ತೇವೆ, ಸುತ್ತ ನೋಡುತ್ತೇವೆ, ಏನೂ ಇಲ್ಲ ಎಂದು ಮಲಗುತ್ತೇವೆ. ಬೆಳಿಗ್ಗೆ ಎದ್ದಾಗ ಯಾವ ಝೋನ್, ಅಂದರೆ ಯಾವ ಬಾಗಿಲು ಅಥವಾ ಸೆನ್ಸರ್ ಎಂಬುದೇ ಮರೆತಿರುತ್ತದೆ. ಪ್ಯಾನೆಲ್ ಮಾತ್ರ ಮರೆತಿರುವುದಿಲ್ಲ. ಅದರ ನೆನಪಿನಲ್ಲಿ ಎಲ್ಲವೂ ಸಮಯದ ಸಮೇತ ಇರುತ್ತದೆ. ಇದೇ ಲಾಗ್. ಆ್ಯಪ್‌ನ ಹಿಸ್ಟರಿಯಲ್ಲಿ ನೋಡಬಹುದು, ಅಥವಾ ಮಾನಿಟರಿಂಗ್ ಸೆಂಟರ್‌ನವರನ್ನು ಕೇಳಿ. ಕೊಡುತ್ತಾರೆ.

ಅವರ ವರದಿಯಲ್ಲಿ ಮೂರಂಕಿಯ ಕೋಡ್‌ಗಳು ಇರುತ್ತವೆ. ಇದಕ್ಕೆ ಕಾಂಟ್ಯಾಕ್ಟ್ ಐಡಿ ಎನ್ನುತ್ತಾರೆ. ಬಹುತೇಕ ಪ್ಯಾನೆಲ್‌ಗಳು ಇದೇ ಭಾಷೆ ಆಡುತ್ತವೆ. 131 ಎಂದರೆ ಹೊರಸುತ್ತಿನ ಬಾಗಿಲು ಅಥವಾ ಕಿಟಕಿ. 132 ಎಂದರೆ ಒಳಗಿನ ಮೋಶನ್ ಸೆನ್ಸರ್. 134 ಎಂದರೆ ದಿನಾ ಬಂದು ಹೋಗುವ ಬಾಗಿಲು. 374 ಬಂದಿದ್ದರೆ ಹೊರಗೆ ಹೋಗುವಾಗ ಆದ ಎಡವಟ್ಟು, ಅಂದರೆ ಸಮಯ ಮುಗಿದರೂ ಬಾಗಿಲು ಮುಚ್ಚಿರಲಿಲ್ಲ. 301 ಕರೆಂಟ್ ಹೋಗಿದ್ದು, 302 ಪ್ಯಾನೆಲ್‌ನ ಬ್ಯಾಟರಿ ಇಳಿದಿದ್ದು, 384 ವೈರ್‌ಲೆಸ್ ಸೆನ್ಸರ್‌ನ ಬ್ಯಾಟರಿ ಇಳಿದಿದ್ದು, 381 ಸೆನ್ಸರ್ ಪ್ಯಾನೆಲ್‌ಗೆ ಸಿಗದೇ ಹೋದದ್ದು. 406 ಎಂದರೆ ನೀವು ರದ್ದು ಮಾಡಿದ್ದು.

ಅಲಾರ್ಮ್ ಕೋಡ್ ಒಂದನ್ನೇ ನೋಡಬೇಡಿ. ಅದರ ಹಿಂದಿನ ಎರಡು ಮೂರು ಸಾಲು ಓದಿ. ಅಲಾರ್ಮ್‌ಗೆ ಅರ್ಧ ನಿಮಿಷ ಮೊದಲು ಯಾರಾದರೂ ಆರ್ಮ್ ಮಾಡಿದ್ದರೆ, ಅಂದರೆ ಸಿಸ್ಟಮ್ ಅನ್ನು ಕಾವಲಿಗೆ ಹಾಕಿದ್ದರೆ, ತಪ್ಪು ಜನರದ್ದು. ರಾತ್ರಿ ಮೂರಕ್ಕೆ, ಯಾರೂ ಏನೂ ಮುಟ್ಟದೆ ಆಗಿದ್ದರೆ ತಪ್ಪು ಸೆನ್ಸರ್‌ನದ್ದು ಅಥವಾ ಬಾಗಿಲಿನದ್ದು. ಒಂದೇ ಝೋನ್ ಎರಡು ಸಲ ಬಂದಿದ್ದರೆ ಇನ್ನು ಬೇರೆಲ್ಲೂ ಹುಡುಕಬೇಡಿ.

ಇನ್ನೊಂದು ವಿಷಯ ನೆನಪಿಡಿ. ಒಂದು ಝೋನ್ ಒಂದೆರಡು ಸಲ ಕೂಗಿದ ಮೇಲೆ ಈಗಿನ ಪ್ಯಾನೆಲ್‌ಗಳು ಅದನ್ನು ತಾವಾಗಿ ಬಾಯಿ ಮುಚ್ಚಿಸುತ್ತವೆ. ಮತ್ತೆ ಆರ್ಮ್ ಮಾಡುವವರೆಗೂ ಆ ಝೋನ್ ಕೂಗುವುದಿಲ್ಲ. ಇದು ಸುಳ್ಳು ಅಲಾರ್ಮ್ ಕಮ್ಮಿ ಮಾಡಲು ಬಂದ ಸಿಪಿ-01 ಎಂಬ ಗುಣಮಟ್ಟದ ಒಂದು ಭಾಗ. 2007ರಿಂದ ಟೆಕ್ಸಾಸ್‌ನಲ್ಲಿ ಕಂಪನಿಯವರು ಅಳವಡಿಸುವ ಪ್ಯಾನೆಲ್‌ಗಳು ಇಂಥ ಗುಣಮಟ್ಟಕ್ಕೆ ಒಪ್ಪಬೇಕು. ಹಾಗಾಗಿ ‘ತಾನೇ ಸರಿಹೋಯಿತು’ ಎಂದುಕೊಳ್ಳಬೇಡಿ. ಸರಿಹೋಗಿರುವುದಿಲ್ಲ, ಸುಮ್ಮನಾಗಿರುತ್ತದೆ ಅಷ್ಟೇ.

ಜನರಿಂದ ಆಗುವುದು

ಸುಳ್ಳು ಅಲಾರ್ಮ್‌ಗಳಲ್ಲಿ ದೊಡ್ಡ ಪಾಲು ಇದರದ್ದೇ. ಯಂತ್ರವನ್ನು ಬೈಯುವ ಮೊದಲು ಮನೆಯವರ ದಿನಚರಿಯನ್ನು ನೋಡಿ.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ರಾತ್ರಿ ಹತ್ತೂವರೆಗೆ ಸಿಸ್ಟಮ್ ತಾನಾಗಿ ‘ಸ್ಟೇ’ಗೆ ಹೋಗುತ್ತಿತ್ತು. ಅಂದರೆ ಒಳಗೆ ಓಡಾಡಬಹುದು, ಬಾಗಿಲು ತೆಗೆಯುವಂತಿಲ್ಲ. ಅಮ್ಮ ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಸ್ನಾನ ಮುಗಿಸಿ, ತುಳಸಿಗೆ ನೀರು ಹಾಕಿ, ಪೂಜೆಗೆ ನಾಲ್ಕು ಹೂವು ಕಿತ್ತು ತರುವುದು ಅವರ ಎಷ್ಟೋ ವರ್ಷಗಳ ಅಭ್ಯಾಸ. ಹಿಂಬಾಗಿಲು ತೆಗೆದರು. ಮುಂಬಾಗಿಲಿಗೆ ಕೋಡ್ ಒತ್ತಲು ಮೂವತ್ತು ಸೆಕೆಂಡ್ ಸಮಯ ಇತ್ತು, ಹಿಂಬಾಗಿಲಿಗೆ ಇರಲಿಲ್ಲ. ತೆಗೆದ ಕೂಡಲೇ ಸೈರನ್. ಜತೆಗೆ ಕೀಪ್ಯಾಡ್‌ನಿಂದ ಇಂಗ್ಲಿಷಿನಲ್ಲಿ ಒಬ್ಬರು ‘ಪಾಸ್‌ವರ್ಡ್ ಏನು’ ಎಂದು ಕೇಳತೊಡಗಿದರು. ಅಮ್ಮ ಹೂವಿನ ಬುಟ್ಟಿ ಹಿಡಿದುಕೊಂಡು ಅಲ್ಲೇ ನಡುಗುತ್ತಾ ನಿಂತುಬಿಟ್ಟರು. ನಾವು ಮಹಡಿಯಿಂದ ಇಳಿಯುವಷ್ಟರಲ್ಲಿ ತಡವಾಗಿತ್ತು. ಸೆಂಟರ್‌ನವರು ನಿಯಮದಂತೆ ನನ್ನ ಫೋನ್‌ಗೆ ಒಂದು ಸಲ, ಹೆಂಡತಿಯ ಫೋನ್‌ಗೆ ಒಂದು ಸಲ ಕರೆ ಮಾಡಿದ್ದರು. ಎರಡೂ ಫೋನ್ ರಾತ್ರಿಯ ಮೌನದಲ್ಲಿದ್ದವು.

ಇಲ್ಲಿ ತಪ್ಪು ಅಮ್ಮನದ್ದಲ್ಲ. ಅವರ ಬೆಳಿಗ್ಗೆಗೆ ಹೊಂದದ ಸೆಟ್ಟಿಂಗ್‌ನದ್ದು. ನಾವು ಬದಲಾಯಿಸಿದ್ದು ಇವು.

ಹಿಂಬಾಗಿಲಿನ ಝೋನ್ ಬಗೆಯನ್ನು ತಕ್ಷಣ ಕೂಗುವುದರಿಂದ ತಡವಾಗಿ ಕೂಗುವುದಕ್ಕೆ ಬದಲಾಯಿಸಿದೆವು. ಒಳಗೆ ಬರುವಾಗಿನ ಸಮಯ ಸಿಪಿ-01ರಲ್ಲಿ 30 ಸೆಕೆಂಡ್‌ನಿಂದ 240 ಸೆಕೆಂಡ್‌ವರೆಗೆ ಇಡಬಹುದು. ಮಂಡಿ ನೋವಿರುವ ಹಿರಿಯರಿದ್ದರೆ ಮೂವತ್ತು ಸಾಲದು. ಹೊರಗೆ ಹೋಗುವ ಸಮಯ ಸಾಮಾನ್ಯವಾಗಿ 60 ಸೆಕೆಂಡ್ ಇರುತ್ತದೆ. ಚಪ್ಪಲಿ ಹಾಕಿಕೊಂಡು, ಛತ್ರಿ ಮರೆತು ಮತ್ತೆ ಒಳಗೆ ಹೋಗುವವರಿದ್ದರೆ ಅದನ್ನೂ ಜಾಸ್ತಿ ಮಾಡಿ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಸಿಸ್ಟಮ್ ತಾನಾಗಿ ಡಿಸ್‌ಆರ್ಮ್ ಆಗುವಂತೆ, ಅಂದರೆ ಕಾವಲು ನಿಲ್ಲಿಸುವಂತೆ, ವೇಳೆ ಕಟ್ಟಿದೆವು.

ಅಮ್ಮನಿಗೆ ಅವರದೇ ಕೋಡ್ ಕೊಟ್ಟೆವು. ಒಬ್ಬೊಬ್ಬರಿಗೆ ಒಂದೊಂದು ಕೋಡ್ ಇದ್ದರೆ ಲಾಗ್‌ನಲ್ಲಿ ಯಾರು ಎಂದು ತಿಳಿಯುತ್ತದೆ. ಬೈಯುವುದಕ್ಕಲ್ಲ, ಯಾರಿಗೆ ಇನ್ನೊಂದು ಸಲ ತೋರಿಸಿಕೊಡಬೇಕು ಎಂದು ಗೊತ್ತಾಗಲು.

ಕೀಪ್ಯಾಡ್‌ನ ಕೋಡ್ ಬೇರೆ, ಬಾಯಲ್ಲಿ ಹೇಳುವ ಪಾಸ್‌ವರ್ಡ್ ಬೇರೆ. ಹಿರಿಯರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಗಾಬರಿಯಲ್ಲಿ ನಾವೂ ಹಾಗೇ. ಪಾಸ್‌ವರ್ಡ್ ಅಮ್ಮನ ಬಾಯಿಗೆ ಸುಲಭವಾಗಿ ಬರಬೇಕು, ಆ ಕಡೆಯವರಿಗೂ ಕೇಳಿದರೆ ಅರ್ಥವಾಗಬೇಕು. ಇಡ್ಲಿ, ಕಾಫಿ ಥರದ ಎರಡಕ್ಷರದ ಪದ ಚೆನ್ನಾಗಿರುತ್ತದೆ. ತಾತನ ಹೆಸರು, ಊರ ದೇವರ ಹೆಸರು ಬೇಡ. ಆ ಕಡೆಯವರು ಮೂರು ಸಲ ಕೇಳುತ್ತಾರೆ, ಈ ಕಡೆಯವರು ಮೂರು ಸಲ ಹೆದರುತ್ತಾರೆ. ಆ ಪದವನ್ನು ಕನ್ನಡದಲ್ಲಿ ಬರೆದು, ಹೊರಗಿನವರ ಕಣ್ಣಿಗೆ ಬೀಳದ ಜಾಗದಲ್ಲಿ ಅಂಟಿಸಿ.

ಸೆಂಟರ್‌ನ ನಂಬರನ್ನು ಫೋನ್‌ನಲ್ಲಿ ಹೆಸರು ಹಾಕಿ ಇಟ್ಟುಕೊಳ್ಳಿ. ಮೌನದಲ್ಲಿದ್ದರೂ ಆ ನಂಬರಿನ ಕರೆ ಮಾತ್ರ ಬಾರಿಸುವಂತೆ ಅನುಮತಿ ಕೊಡಿ. ಐದು ನಿಮಿಷದ ಕೆಲಸ. ಇದೊಂದನ್ನು ಮಾಡಿದ್ದರೆ ನಮ್ಮ ಮೊದಲ ಅಲಾರ್ಮ್ ಅಲ್ಲೇ ನಿಲ್ಲುತ್ತಿತ್ತು.

ಅಲಾರ್ಮ್ ಆದ ಮೇಲೆ ಪ್ಯಾನೆಲ್ ಸುಮಾರು 30 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಕೋಡ್ ಒತ್ತಿದರೆ ಸುದ್ದಿ ಹೊರಗೆ ಹೋಗುವುದೇ ಇಲ್ಲ. ತಡವಾದರೂ ಬಿಡಬೇಡಿ. ನೀವೇ ಸೆಂಟರ್‌ಗೆ ಫೋನ್ ಮಾಡಿ ಪಾಸ್‌ವರ್ಡ್ ಹೇಳಿ ರದ್ದು ಮಾಡಿಸಿ. ಪೊಲೀಸರು ಬಂದು ಮುಟ್ಟುವ ಮೊದಲು ರದ್ದಾದರೆ ಬಹಳಷ್ಟು ಊರುಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಗಿಲಿನ ಸೆನ್ಸರ್, ಮತ್ತು ನಮ್ಮ ಕಾಲಡಿಯ ಮಣ್ಣು

ಬಾಗಿಲಿನ ಸೆನ್ಸರ್ ತುಂಬಾ ಸರಳ. ಚೌಕಟ್ಟಿನಲ್ಲಿ ಒಂದು ಚಿಕ್ಕ ಗಾಜಿನ ಕೊಳವೆ. ಅದರೊಳಗೆ ಎರಡು ತೆಳು ಲೋಹದ ಪಟ್ಟಿ. ಬಾಗಿಲಿನಲ್ಲಿ ಒಂದು ಅಯಸ್ಕಾಂತ. ಅಯಸ್ಕಾಂತ ಹತ್ತಿರ ಇದ್ದರೆ ಪಟ್ಟಿಗಳು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಇಷ್ಟೇ. ಇದು ಕೆಡುವುದು ಕಮ್ಮಿ. ಕೆಡುವುದು ಇವೆರಡರ ನಡುವಿನ ಅಂತರ.

ನಮ್ಮ ಮೂರನೇ ಅಲಾರ್ಮ್ ಗಾಳಿ ಬೀಸಿದ ರಾತ್ರಿ ಆಯಿತು. ಹಿತ್ತಲಿನ ಜಾರುಬಾಗಿಲು, ಕೋಡ್ 131. ಬಾಗಿಲು ಮುಚ್ಚಿಯೇ ಇತ್ತು, ಚಿಲಕವೂ ಬಿದ್ದಿತ್ತು. ಗಾಳಿಯದ್ದೇ ತಪ್ಪು ಎಂದುಕೊಂಡು ಬಿಟ್ಟುಬಿಟ್ಟೆ. ಗಾಳಿ ಆ ಊರಿಗೆಲ್ಲ ಬೀಸಿತ್ತು, ಕೂಗಿದ್ದು ನಮ್ಮ ಬಾಗಿಲು ಮಾತ್ರ ಎಂದು ಆಗ ಹೊಳೆಯಲಿಲ್ಲ.

ಕಾರಣ ಕೊನೆಗೆ ಸಿಕ್ಕಿದ್ದು ನೆಲದಲ್ಲಿ. ಡಲ್ಲಾಸ್ ಸುತ್ತಮುತ್ತ ಕಪ್ಪು ಜೇಡಿಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಎರೆ ನೆಲದ ಜಾತಿಯದ್ದೇ ಮಣ್ಣು ಇದು. ಏಪ್ರಿಲ್‌ನಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಇಳಿಸಿದವರಿಗೆ ಗೊತ್ತು. ಅದರ ಮೇಲೆ ಕಟ್ಟಿದ ಮನೆಯ ಅಡಿಪಾಯ ವರ್ಷವಿಡೀ ಸ್ವಲ್ಪ ಸ್ವಲ್ಪ ಏರುತ್ತಾ ಇಳಿಯುತ್ತಾ ಇರುತ್ತದೆ. ಗೋಡೆಯಲ್ಲಿ ಕೂದಲೆಳೆ ಬಿರುಕು, ಮುಚ್ಚಿಕೊಳ್ಳದ ಬಾಗಿಲು, ಸೊಟ್ಟಗಾದ ಚೌಕಟ್ಟು. ಆಗಸ್ಟ್‌ನ ಬಿಸಿಲಿಗೆ ನಮ್ಮ ಜಾರುಬಾಗಿಲಿನ ಚೌಕಟ್ಟು ವಾಲಿತ್ತು. ಅಯಸ್ಕಾಂತಕ್ಕೂ ಸೆನ್ಸರ್‌ಗೂ ಕಾಲು ಇಂಚು ಇದ್ದ ಅಂತರ ಮುಕ್ಕಾಲು ಇಂಚು ದಾಟಿತ್ತು. ಸಾಮಾನ್ಯ ಸೆನ್ಸರ್‌ಗಳು ಹಿಡಿಯುವುದೇ ಮುಕ್ಕಾಲರಿಂದ ಒಂದು ಇಂಚು. ಅಂಚಿನಲ್ಲಿ ನಿಂತಿದ್ದ ಬಾಗಿಲಿಗೆ ಗಾಳಿ ಒಂದು ನೆಪ ಆಯಿತು.

ನೀವು ಪರೀಕ್ಷಿಸುವುದು ಹೀಗೆ. ಸಿಸ್ಟಮ್ ಟೆಸ್ಟ್‌ನಲ್ಲಿರಲಿ, ಬಾಗಿಲು ತೆಗೆದರೆ ಬಾರಿಸುವ ಚೈಮ್ ಹಾಕಿಡಿ. ಬಾಗಿಲು ಮುಚ್ಚಿ, ಚಿಲಕ ಹಾಕಬೇಡಿ. ಅಂಗೈಯಿಂದ ಒಳಗಡೆಯಿಂದ ತಳ್ಳಿ, ಎಳೆಯಿರಿ, ಮೇಲೂ ಕೆಳಗೂ ಅಲ್ಲಾಡಿಸಿ. ಚೈಮ್ ಬಾರಿಸಿದರೆ ಅಲ್ಲೇ ತಪ್ಪು ಇದೆ. ಚಿಲಕ ಹಾಕಿ ಮತ್ತೆ ಅದೇ ಮಾಡಿ. ಚಿಲಕ ಹಾಕಿದಾಗ ಬಾರಿಸದೆ, ಹಾಕದಿದ್ದಾಗ ಬಾರಿಸಿದರೆ ಅಭ್ಯಾಸವನ್ನು ಬದಲಾಯಿಸಿದರೂ ಆದೀತು, ಸೆನ್ಸರ್ ಸರಿಸಿದರೂ ಆದೀತು. ಎರಡರಲ್ಲೂ ಬಾರಿಸಿದರೆ ಅಯಸ್ಕಾಂತವನ್ನು ಹತ್ತಿರ ತನ್ನಿ. ಕೆಳಗೆ ಒಂದು ಪ್ಲಾಸ್ಟಿಕ್ ಪಟ್ಟಿ ಇಟ್ಟು ಎತ್ತಿದರೆ ಸಾಕು. ದೊಡ್ಡ ಅಂತರ ಹಿಡಿಯುವ ಸೆನ್ಸರ್‌ಗಳೂ ಸಿಗುತ್ತವೆ. ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಿ. ಒಂದು ಬೇಸಿಗೆಯ ಕೊನೆಗೆ, ಒಂದು ಮಳೆಯ ನಂತರ. ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡುವ ಭಾನುವಾರಗಳಲ್ಲಿ ಮಾಡಿದರೆ ನೆನಪಿರುತ್ತದೆ.

ತಂತಿಯ ಸೆನ್ಸರ್ ಆಗಿದ್ದರೆ, ಮೀಟರ್ ಬಳಸಿ ಗೊತ್ತಿದ್ದರೆ, ಇನ್ನೊಂದು ಹೆಜ್ಜೆ ಇದೆ. ಆ ಝೋನ್‌ನ ಎರಡು ತಂತಿಯನ್ನು ಪ್ಯಾನೆಲ್‌ನಿಂದ ಬಿಚ್ಚಿ ಓಮ್ ಅಳೆಯಿರಿ. ಕೊನೆಯಲ್ಲಿ ರೆಸಿಸ್ಟರ್ ಇದ್ದರೆ ಬಾಗಿಲು ಮುಚ್ಚಿದಾಗ ಅದರದೇ ಬೆಲೆ ಬರಬೇಕು. ಕೆಲವು ಕಂಪನಿಗಳದ್ದು 2,000 ಓಮ್, ಕೆಲವದ್ದು 5,600. ಬಾಗಿಲು ತೆಗೆದರೆ ಏನೂ ಬರಬಾರದು. ಮುಚ್ಚಿದ ಬಾಗಿಲನ್ನು ಅಲ್ಲಾಡಿಸಿದಾಗ ಅಂಕಿ ಕುಣಿದರೆ ಅಯಸ್ಕಾಂತ ದೂರ ಆಗಿದೆ, ಇಲ್ಲವೇ ಎಲ್ಲೋ ತಂತಿಯ ಜೋಡಣೆ ಸಡಿಲವಾಗಿದೆ. ಅಂಕಿ ಇರಬೇಕಾದ್ದಕ್ಕಿಂತ ನೂರಾರು ಓಮ್ ಜಾಸ್ತಿ ಇದ್ದರೆ ಜೋಡಣೆಗೆ ತುಕ್ಕು ಹಿಡಿದಿದೆ.

ಮೋಶನ್ ಸೆನ್ಸರ್

ಇದು ಕಣ್ಣಲ್ಲ. ಬಿಸಿಯ ಚಲನೆಯನ್ನು ಹಿಡಿಯುವ ಯಂತ್ರ. ಕೋಣೆಯ ಹಿನ್ನೆಲೆಗಿಂತ ಬೇರೆ ಬಿಸಿ ಇರುವ ಏನಾದರೂ ಅದು ಗಮನಿಸುವ ಜಾಗದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ದಾಟಿದರೆ ಅದು ಕೂಗುತ್ತದೆ. ಹುಟ್ಟುಹಬ್ಬದ ಹೀಲಿಯಂ ಬಲೂನು ಇದಕ್ಕೆ ಹೇಳಿ ಮಾಡಿಸಿದ ಶತ್ರು. ನಾವೆಲ್ಲ ಹೊರಗೆ ಹೋಗಿದ್ದೆವು, ಸಿಸ್ಟಮ್ ‘ಅವೇ’ಯಲ್ಲಿತ್ತು, ಅಂದರೆ ಒಳಗಿನ ಸೆನ್ಸರ್‌ಗಳೂ ಕಾಯುತ್ತಿದ್ದವು. ಎಸಿ ಶುರುವಾಯಿತು, ಬಲೂನು ಹೊರಟಿತು, ಕೋಡ್ 132 ಬಂತು. ಸಮಯ ನೋಡಿ. ಎಸಿ ಅಥವಾ ಹೀಟರ್ ಶುರುವಾಗುವ ಹೊತ್ತಿಗೇ ಆಗುತ್ತಿದ್ದರೆ ಗಾಳಿಯ ಕಿಂಡಿಯ ಎದುರಿನ ಪರದೆ, ತೋರಣ, ತೂಗುವ ಅಲಂಕಾರ ನೋಡಿ. ದಿನಾ ಸಂಜೆ ಒಂದೇ ಸಮಯಕ್ಕಾದರೆ ಕಿಟಕಿಯಿಂದ ನೇರ ಬೀಳುವ ಬಿಸಿಲು. ಹೊತ್ತುಗೊತ್ತಿಲ್ಲದೆ ರಾತ್ರಿ ಆದರೆ ಸೆನ್ಸರ್ ಮೇಲೆ ಮನೆ ಮಾಡಿಕೊಂಡ ಜೇಡ. ಮೆತ್ತನೆಯ ಬಟ್ಟೆಯಿಂದ ಒರೆಸಿ. ಉರಿಯುವ ದೀಪ ಬಿಟ್ಟು ಹೊರಗೆ ಹೋಗುವುದಂತೂ ಬೇಡ, ಅದು ಅಲಾರ್ಮ್‌ಗಿಂತ ದೊಡ್ಡ ಅಪಾಯ.

ಸಾಕುಪ್ರಾಣಿಗೆ ಕೂಗದ ಸೆನ್ಸರ್‌ಗಳಲ್ಲಿ 40 ಪೌಂಡ್‌ವರೆಗೆ ಪರವಾಗಿಲ್ಲ ಎಂದು ಬರೆದಿರುವುದು ಸಾಮಾನ್ಯ. ಅದು ನೆಲದ ಮೇಲೆ ಓಡಾಡುವ ನಾಯಿಯ ಲೆಕ್ಕ. ಸೋಫಾ ಬೆನ್ನಿನ ಮೇಲೆ ಹತ್ತಿ ಕೂರುವ ಬೆಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ.

ಗಾಜು, ಬ್ಯಾಟರಿ, ಹಳೆಯ ಸಿಮ್

ಗಾಜು ಒಡೆಯುವ ಸದ್ದು ಕೇಳುವ ಸೆನ್ಸರ್ ಅಡುಗೆಮನೆಯ ಹತ್ತಿರ ಬೇಡ. ಸ್ಟೀಲ್ ತಟ್ಟೆಗಳ ಅಡ್ಡಣಿಗೆ ಕೈತಪ್ಪಿ ಬಿದ್ದರೆ ಅದು ನಂಬಿಬಿಡುತ್ತದೆ.

ತಂತಿಯ ಪ್ಯಾನೆಲ್ ಪೆಟ್ಟಿಗೆಯೊಳಗೆ 12 ವೋಲ್ಟ್‌ನ ಬ್ಯಾಟರಿ ಇರುತ್ತದೆ. ಮೂರರಿಂದ ಐದು ವರ್ಷ ಬಾಳುತ್ತದೆ. ಹಾಕಿದ ದಿನ ಅದರ ಮೇಲೆ ಪೆನ್ನಿನಿಂದ ತಾರೀಕು ಬರೆಯಿರಿ. ಫೆಬ್ರವರಿ 2021ರ ಹಿಮದ ಬಿರುಗಾಳಿಯಲ್ಲಿ ಟೆಕ್ಸಾಸ್‌ನಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಪೂರ್ತಿ ಬರಿದಾಗಿ ಮತ್ತೆ ತುಂಬಿದ ಬ್ಯಾಟರಿ ಮೊದಲಿನಂತೆ ಇರುವುದಿಲ್ಲ. ವೈರ್‌ಲೆಸ್ ಸೆನ್ಸರ್ 384 ತೋರಿಸಿದರೆ ಅವತ್ತೇ ಅದರ ಬ್ಯಾಟರಿ ಬದಲಾಯಿಸಿ, ಪ್ರಯಾಣದ ಮುಂಚೆ ಅಂತೂ ತಪ್ಪದೆ.

ಹಳೆಯ ಪ್ಯಾನೆಲ್ ಇರುವ ಮನೆ ಕೊಂಡಿದ್ದರೆ ಅದರ ಮೊಬೈಲ್ ಸಂಪರ್ಕ ಯಾವ ಕಾಲದ್ದು ಎಂದು ಕೇಳಿ. 2022ರಲ್ಲಿ ಇಲ್ಲಿನ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿದವು. ಅದರ ಮೇಲಿದ್ದ ಪ್ಯಾನೆಲ್ ಸೈರನ್ ಕೂಗುತ್ತದೆ, ಸುದ್ದಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಒಗ್ಗರಣೆಯ ಹೊಗೆ

ಇದು ನಮ್ಮ ಮನೆಗಳದ್ದೇ ವಿಶೇಷ ತೊಂದರೆ. ಒಣಮೆಣಸಿನಕಾಯಿ ಒಗ್ಗರಣೆ, ಹೋಳಿಗೆಯ ಹಂಚು, ಗೃಹಪ್ರವೇಶದ ಹೋಮ. ಹೊಗೆ ಸೆನ್ಸರ್ ಅನ್ನು ಒಲೆಯಿಂದ 10 ಅಡಿಯೊಳಗೆ ಹಾಕಬಾರದು ಎಂದು ಇಲ್ಲಿನ ಅಗ್ನಿ ಸುರಕ್ಷತೆಯ ನಿಯಮವೇ ಹೇಳುತ್ತದೆ. 10ರಿಂದ 20 ಅಡಿಯೊಳಗೆ ಇದ್ದರೆ ಬೆಳಕಿನಿಂದ ಹೊಗೆ ಹಿಡಿಯುವ ಬಗೆಯದ್ದು ಇರಲಿ. ಇನ್ನೊಂದು ಬಗೆ, ಅಯಾನೀಕರಣದಿಂದ (ಅಯೊನೈಸೇಶನ್) ಹೊಗೆ ಹಿಡಿಯುವುದು, ಒಗ್ಗರಣೆಗೆ ಬೇಗ ಕೂಗುತ್ತದೆ. ಬಚ್ಚಲಿನ ಬಾಗಿಲಿನಿಂದ 3 ಅಡಿಯಾದರೂ ದೂರ ಇರಲಿ, ಬಿಸಿನೀರಿನ ಹಬೆಗೂ ಇದು ಮೋಸಹೋಗುತ್ತದೆ. 10 ವರ್ಷ ದಾಟಿದ್ದನ್ನು ಬದಲಾಯಿಸಲೇಬೇಕು.

ದಯವಿಟ್ಟು ಒಂದು ಮಾತು ಕೇಳಿ. ಹೊಗೆ ಸೆನ್ಸರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಡಿ, ಬ್ಯಾಟರಿ ಕಿತ್ತಿಡಬೇಡಿ. ಪೂಜೆ ಮುಗಿದ ಮೇಲೆ ತೆಗೆಯಲು ಮರೆತುಹೋಗುತ್ತದೆ. ಹೋಮ ಇರುವ ದಿನ ಸಿಸ್ಟಮ್ ಟೆಸ್ಟ್‌ನಲ್ಲಿ ಇಡಿಸಿ, ಕಿಟಕಿ ತೆಗೆಯಿರಿ, ಒಬ್ಬರು ಹತ್ತಿರ ಕೂತಿರಲಿ.

ಊರಿಗೆ ಹೋಗುವ ಮುಂಚೆ

ನಮ್ಮ ನಾಲ್ಕನೇ ಅಲಾರ್ಮ್ ಮನೆ ಐದು ವಾರ ಖಾಲಿ ಇದ್ದಾಗ ಆಯಿತು. ಅದೇ ಜಾರುಬಾಗಿಲು. ಸೆಂಟರ್‌ನವರು ಕರೆ ಮಾಡಿದರು. ನನ್ನ ಅಮೆರಿಕದ ನಂಬರ್ ಊರಲ್ಲಿ ಆಫ್ ಆಗಿತ್ತು, ಹೆಂಡತಿಯದ್ದೂ ಅಷ್ಟೇ. ಮನೆಯ ಕೀಲಿ ಇಟ್ಟುಕೊಂಡಿದ್ದ ಗೆಳೆಯ ಎರಡು ಮನೆ ಆಚೆಗೇ ಇದ್ದ. ಆದರೆ ಅವನ ನಂಬರ್ ಪಟ್ಟಿಯಲ್ಲಿ ಇರಲಿಲ್ಲ. ಪರ್ಮಿಟ್ ನವೀಕರಣದ ಪತ್ರ ಅಂಚೆ ಪೆಟ್ಟಿಗೆಯಲ್ಲಿ ಬಿದ್ದಿತ್ತು.

ಪಟ್ಟಿಗಳು ಎರಡು. ಒಂದು ಮಾನಿಟರಿಂಗ್ ಸೆಂಟರ್‌ನದ್ದು, ಇನ್ನೊಂದು ಊರಿನ ಪರ್ಮಿಟ್‌ನದ್ದು. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ತಿದ್ದುವುದಿಲ್ಲ. ಹೊರಡುವ ವಾರ ಮುಂಚೆ ಎರಡರಲ್ಲೂ ಹತ್ತಿರದಲ್ಲಿರುವ, ರಾತ್ರಿ ಫೋನ್ ಎತ್ತುವ ಒಬ್ಬರ ನಂಬರನ್ನು ಮೊದಲು ಹಾಕಿ. ಅವರಿಗೆ ಒಂದು ಕೋಡ್, ಬಾಯಿ ಪಾಸ್‌ವರ್ಡ್ ಎರಡನ್ನೂ ಕೊಟ್ಟು, ಒಂದು ಸಲ ಅವರ ಕೈಯಿಂದಲೇ ಆರ್ಮ್ ಮತ್ತು ಡಿಸ್‌ಆರ್ಮ್ ಮಾಡಿಸಿ. ನೋಡಿದ್ದೇನೆ ಎಂದರೆ ಸಾಲದು, ಮಾಡಬೇಕು. ಬಾಗಿಲು ಒಡೆದಂತೆ ಕಂಡರೆ ಒಳಗೆ ಹೋಗದೆ ತುರ್ತು ನಂಬರ್ 911ಕ್ಕೆ ಕರೆ ಮಾಡುವಂತೆ ಹೇಳಿ. ಪರ್ಮಿಟ್ ಕೊನೆಯ ದಿನ ನೋಡಿ, ಪ್ರಯಾಣದ ನಡುವೆ ಬರುವುದಾದರೆ ಮೊದಲೇ ಕಟ್ಟಿ. ಎಲ್ಲಾ ಬಾಗಿಲಿಗೂ ಅಂಗೈ ಪರೀಕ್ಷೆ ಮಾಡಿ.

ಕಂಪನಿಯವರು ಸಿಸ್ಟಮ್ ಹಾಕಿದ 30 ದಿನದೊಳಗೆ ಊರಿನ ಆಡಳಿತಕ್ಕೆ ತಿಳಿಸಬೇಕು ಎಂದು ಟೆಕ್ಸಾಸ್ ಕಾನೂನು ಹೇಳುತ್ತದೆ. ಅದರಿಂದ ನಿಮ್ಮ ಪರ್ಮಿಟ್ ಆಯಿತು ಎಂದಲ್ಲ. ಅದನ್ನು ನೀವೇ ತೆಗೆದುಕೊಳ್ಳಬೇಕು.

ದಂಡದ ಪತ್ರ ಬಂದರೆ

ಕೂಡಲೇ ಕಟ್ಟಿಬಿಡಬೇಡಿ, ಮೊದಲು ಓದಿ. ಪತ್ರದಲ್ಲಿರುವ ತಾರೀಕು, ಗಂಟೆಯನ್ನು ನಿಮ್ಮ ಲಾಗ್ ಜತೆ ಹೊಂದಿಸಿ. ಟೆಕ್ಸಾಸ್‌ನಲ್ಲಿ ಸುದ್ದಿ ಮುಟ್ಟಿದ 30 ನಿಮಿಷದೊಳಗೆ ಪೊಲೀಸರು ಬಂದು, ಒಳಗೋ ಹೊರಗೋ ನೋಡಿ, ಸುಳ್ಳು ಎಂದು ತೀರ್ಮಾನಿಸಿದ್ದರೆ ಮಾತ್ರ ಅದು ಸುಳ್ಳು ಅಲಾರ್ಮ್. ಒಂದು ಗಂಟೆ ಬಿಟ್ಟು ಬಂದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ರದ್ದು ಮಾಡಿದ್ದ 406 ಎಷ್ಟು ಗಂಟೆಗೆ ಹೋಗಿದೆ ನೋಡಿ. ಹಿಂದಿನ ಮನೆಯವರ ಅಲಾರ್ಮ್‌ಗಳು ನಿಮ್ಮ ಲೆಕ್ಕಕ್ಕೆ ಸೇರಿವೆಯೇ ನೋಡಿ. ಏನಾದರೂ ತಪ್ಪಿದ್ದರೆ ಪತ್ರದಲ್ಲಿ ಹೇಳಿರುವ ದಿನದೊಳಗೆ ಮೇಲ್ಮನವಿ ಹಾಕಿ. ಲಾಗ್‌ನ ಪ್ರತಿ, ಸೆನ್ಸರ್ ಸರಿಮಾಡಿಸಿದ ಬಿಲ್ ಜತೆಗಿಡಿ. ನಮ್ಮದರಲ್ಲಿ ಪೊಲೀಸರು ಹನ್ನೊಂದು ನಿಮಿಷಕ್ಕೆ ಬಂದಿದ್ದರು. ದಂಡ ಕಟ್ಟಿದೆ.

ಮನೆ ಮಾರಿ ಹೋಗುವವರು ಪರ್ಮಿಟ್ ರದ್ದು ಮಾಡಿಸಿ ಹೋಗಿ. ಅದು ನಿಮ್ಮ ಹೆಸರಿಗೂ ಆ ವಿಳಾಸಕ್ಕೂ ಸೇರಿದ್ದು, ಕೊಂಡವರಿಗೆ ತಾನಾಗಿ ಹೋಗುವುದಿಲ್ಲ. ಕೊಂಡವರು ಮೊದಲ ದಿನವೇ ಹಳೆಯ ಕೋಡ್‌ಗಳನ್ನೆಲ್ಲ ಅಳಿಸಿ, ತಮ್ಮ ಹೆಸರಲ್ಲಿ ಹೊಸ ಪರ್ಮಿಟ್ ತೆಗೆದುಕೊಂಡು, ಆಮೇಲೆ ಆರ್ಮ್ ಮಾಡಲಿ.